ಪವಾಡದ ಮರುದಿನ

ಕೆಲವು ವರ್ಷಗಳ ಹಿಂದೆ, ಅಣ್ಣನ ಶುಶ್ರೂಷೆಗೆಂದು ಒಂದು ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಹನ್ನೊಂದು ರಾತ್ರಿಗಳನ್ನು ಕಳೆಯಬೇಕಾಗಿ ಬಂದಾಗ, ಪಕ್ಕದ ಮಂಚದ ಮೇಲಿದ್ದ ವೃದ್ಧರೊಬ್ಬರಿಗೆ ಅವರ ಸೊಸೆ ಪ್ರತಿದಿನವೂ ದೀಪ ಹತ್ತಿಸುವ ಹೊತ್ತಿಗೆ ಕನ್ನಡದ ಸತ್ಯವೇದವನ್ನು ಮೆಲ್ಲನೆ ಓದಿ ಹೇಳುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು. ಆಕೆ ಆರಿಸಿಕೊಳ್ಳುತ್ತಿದ್ದುದು, ಅಂಥ ಸ್ಥಳದಲ್ಲಿ ಯಾರಾದರೂ ಆರಿಸಿಕೊಳ್ಳುವಂತೆ, ರೋಗಶಮನದ ಪ್ರಸಂಗಗಳನ್ನು: ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಯೇಸುವಿನ ಉಡುಪನ್ನು ಮುಟ್ಟಿ ಗುಣಹೊಂದಿದ್ದು, ಜನಸಂದಣಿಯಲ್ಲಿ ಬಾಗಿಲು ಸಿಕ್ಕದೆ ನಾಲ್ವರು ಮಾಳಿಗೆಯನ್ನೇ ಬಿಚ್ಚಿ ಪಾರ್ಶ್ವವಾಯುವಿನ ರೋಗಿಯನ್ನು ಹಾಸಿಗೆಸಮೇತ ಒಳಕ್ಕೆ ಇಳಿಬಿಟ್ಟದ್ದು. ನಾಲ್ಕೈದು ಸಂಜೆ ಸುಮ್ಮನೆ ಕೇಳಿದ ಆ ಹಿರಿಯರು ಒಂದು ದಿನ ಕಂಬಳಿಯೊಳಗಿನಿಂದ ಕೈ ಹೊರತೆಗೆದು, "ಇದೆಲ್ಲ ಸಾಕಮ್ಮ, ಕೋಳಿ ಕೂಗಿದ್ದನ್ನು ಓದು" ಎಂದರು. "ಅದು ಯಾಕೆ ಮಾವ ಈಗ? ಮನಸ್ಸಿಗೆ ಬೇಸರ" ಎಂದು ಸೊಸೆ ಹಿಂದೆಗೆದಳು. "ಓದು. ಅವನೂ ಚಳಿ ಕಾಯಿಸಿಕೊಳ್ಳೋಕೆ ಹೋದವನೇ ಅಲ್ಲವಾ?" ಎಂದು ಅವರು ಕಣ್ಣು ಮುಚ್ಚಿದರು.

ಭಾರತ ಭಾಗವತಗಳ ವಾಚನವನ್ನು ಕೇಳುತ್ತ ಬೆಳೆದ ನನಗೆ ಆ ಪ್ರಸಂಗದ ಸ್ಥೂಲರೂಪ ಮಾತ್ರ ಗೊತ್ತಿತ್ತು. ಅದರ ಸೂಕ್ಷ್ಮಗಳು ಮನಸ್ಸಿಗಿಳಿದದ್ದು ಆ ಸಂಜೆ, ಫಿನಾಯಿಲಿನ ವಾಸನೆಯ ನಡುವೆ. ಗುರುವನ್ನು ಬಂಧಿಸಿ ಮಹಾಯಾಜಕನ ಮನೆಗೆ ಕರೆದೊಯ್ದ ರಾತ್ರಿ ಪೇತ್ರನು ದೂರದಿಂದಲೇ ಹಿಂಬಾಲಿಸಿ ಬಂದು, ಅಂಗಳದಲ್ಲಿ ಆಳುಕಾಳುಗಳು ಹೊತ್ತಿಸಿದ್ದ ಬೆಂಕಿಯ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದಾನೆ. ಅವನನ್ನು ಕತ್ತಿ ಹಿರಿದ ಯಾವ ಸೈನಿಕನೂ ಬೆದರಿಸಲಿಲ್ಲ. ಬೆಂಕಿಯ ಬೆಳಕಿನಲ್ಲಿ ಮುಖವನ್ನು ದಿಟ್ಟಿಸಿ ನೋಡಿದ ಒಬ್ಬ ಮನೆಗೆಲಸದ ಹುಡುಗಿ, ನೀನೂ ಅವನ ಕಡೆಯವನಲ್ಲವೇ ಎಂದು ಕೇಳಿದಳು, ಅಷ್ಟೆ. ಅವನು ಅಲ್ಲವೆಂದನು. ಮತ್ತೆ ಕೇಳಿದರು, ಮತ್ತೆ ಅಲ್ಲವೆಂದನು. ಮೂರನೆಯ ಸಲ, ಅವನ ಮಾತಿನಲ್ಲಿದ್ದ ಗಲಿಲಾಯದ ಎಳೆತವೇ ಅವನನ್ನು ಹಿಡಿದುಕೊಟ್ಟಿತು — ಊರನ್ನು ಬಿಟ್ಟವನ ನಾಲಗೆ ಊರನ್ನು ಬಿಡದೆಂಬುದು ಮಂಗಳೂರಿನಿಂದ ಮೈಸೂರಿಗೂ ಧಾರವಾಡದಿಂದ ಬೆಂಗಳೂರಿಗೂ ಬಂದು ನೆಲಸಿದ ಯಾರಿಗೆ ತಿಳಿಯದು? — ಆಗ ಅವನು ಆಣೆಯಿಟ್ಟು, ಶಪಿಸಿಕೊಂಡು, ಆ ಮನುಷ್ಯನ ಪರಿಚಯವೇ ತನಗಿಲ್ಲವೆಂದನು. ಕೋಳಿ ಕೂಗಿತು; ಅವನು ಅತ್ತುಬಿಟ್ಟನು. ಇವನೇ ಹಿಂದೊಂದು ರಾತ್ರಿ, ನಾಲ್ಕನೆಯ ಜಾವದಲ್ಲಿ, ದೋಣಿಯಿಂದಿಳಿದು ನೀರಿನ ಮೇಲೆ ನಾಲ್ಕು ಹೆಜ್ಜೆ ನಡೆದವನು.

ನಮ್ಮಲ್ಲಿ ಪವಾಡಗಳ ವಿಷಯವಾಗಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ಸುತ್ತುತ್ತದೆ: ನಡೆಯಿತೋ, ನಡೆಯಲಿಲ್ಲವೋ? ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದಾಗ ಎದ್ದ ವಾದವಿವಾದ ಹಿರಿಯ ಓದುಗರಿಗೆ ನೆನಪಿರಬಹುದು. ಬರಿಗೈಯಿಂದ ವಸ್ತುಗಳನ್ನು ಸೃಷ್ಟಿಸುವೆನೆನ್ನುವವನನ್ನು ಪರೀಕ್ಷೆಗೆ ಕರೆಯುವುದು ನ್ಯಾಯವೆಂದೇ ನಾನು ತಿಳಿದಿದ್ದೇನೆ; ಬದುಕಿರುವವನು ಮಾಡುವ ಪವಾಡ ಬದುಕಿರುವವರ ಹಣಕ್ಕೂ ಬುದ್ಧಿಗೂ ಸಂಬಂಧಿಸಿದ್ದು. ಆದರೆ ಪುರಾತನ ಗ್ರಂಥಗಳೊಳಗಿನ ಪವಾಡದ ಮುಂದೆ ಅದೇ ಅಳತೆಗೋಲನ್ನು ಹಿಡಿದು ನಿಂತಾಗ ಒಂದು ವಿಚಿತ್ರ ಸಂಭವಿಸುತ್ತದೆ. ನಂಬುವವನು ಬೆರಗಾಗಿ, ನಂಬದವನು ನಕ್ಕು, ಇಬ್ಬರೂ ಆ ಒಂದೇ ಪುಟದಲ್ಲಿ ನಿಂತುಬಿಡುತ್ತಾರೆ. ಹಾಳೆಯನ್ನು ಮಗುಚುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ. ಗ್ರಂಥಕರ್ತನಾದರೋ ತನ್ನ ಶಾಯಿಯ ಬಹುಭಾಗವನ್ನು ವ್ಯಯಿಸಿರುವುದು ಮುಂದಿನ ಹಾಳೆಯಲ್ಲಿ, ಪವಾಡದ ಮರುದಿನದಲ್ಲಿ.

ಸತ್ಯವೇದದ ಪ್ರವಾದಿ ಎಲೀಯನ ಕಥೆಯನ್ನು ನೋಡಿ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನ. ಇಸ್ರಾಯೇಲಿನಲ್ಲಿ ಅಹಾಬನ ಆಳ್ವಿಕೆ. ಮಳೆ ಕಾಣದೆ ಮೂರನೆಯ ವರ್ಷಕ್ಕೆ ಕಾಲಿಟ್ಟ ನೆಲ. ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳು ಒಂದು ಕಡೆ, ಎಲೀಯನೊಬ್ಬನೇ ಇನ್ನೊಂದು ಕಡೆ. ಯಾರ ದೇವರು ಬೆಂಕಿಯಿಂದ ಉತ್ತರ ಕೊಡುವನೋ ಅವನೇ ದೇವರು ಎಂಬುದು ಪಣ. ಬೆಳಗಿನಿಂದ ಮಧ್ಯಾಹ್ನ ಕಳೆಯುವವರೆಗೆ ಅವರು ಕುಣಿದು, ಕೂಗಿ, ಮೈಯನ್ನು ಕೊಯ್ದುಕೊಂಡರೂ ಏನೂ ಆಗಲಿಲ್ಲ. ಆಮೇಲೆ ಎಲೀಯನು ಹನ್ನೆರಡು ಕಲ್ಲುಗಳ ಬಲಿಪೀಠವನ್ನು ಕಟ್ಟಿ, ಸುತ್ತಲೂ ಕಾಲುವೆ ತೋಡಿಸಿ, ನಾಲ್ಕು ಕೊಡ ನೀರನ್ನು ಮೂರು ಸಲ ಹೊಯ್ಯಿಸಿ ಸೌದೆಯನ್ನೆಲ್ಲ ತೋಯಿಸಿದನು — ಕ್ಷಾಮದ ದಿನಗಳಲ್ಲಿ ಹನ್ನೆರಡು ಕೊಡ ನೀರು! ಬೆಂಕಿ ಇಳಿಯಿತು, ಬಲಿಯನ್ನೂ ಸೌದೆಯನ್ನೂ ಕಲ್ಲುಮಣ್ಣನ್ನೂ ದಹಿಸಿ ಕಾಲುವೆಯ ನೀರನ್ನು ನೆಕ್ಕಿತು. ಸೋತವರನ್ನು ಎಲೀಯನು ಕೀಷೋನ್ ಹಳ್ಳದ ಬಳಿ ಕೊಲ್ಲಿಸಿದನೆಂಬ ಮಾತನ್ನು ಇಂದಿನ ಓದುಗನು ಜುಗುಪ್ಸೆಯಿಲ್ಲದೆ ಓದಲಾರನು. ಅದನ್ನು ಮುಚ್ಚದಿರುವುದೂ ಆ ಗ್ರಂಥದ ಸ್ವಭಾವವೇ ಆಗಿದೆ. ಸಂಜೆಗೆ ಸಮುದ್ರದ ಕಡೆಯಿಂದ ಅಂಗೈಯಷ್ಟು ಮೋಡ ಎದ್ದು ಮಳೆ ಸುರಿಯಿತು. ಎಲೀಯನು ನಡುಕಟ್ಟಿಕೊಂಡು ಅರಸನ ರಥದ ಮುಂದೆ ಮುಂದೆ ಇಜ್ರೇಲಿನವರೆಗೆ ಓಡಿದನು. ಹದಿನೆಂಟನೆಯ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ, ಮತ್ತು ಬಹುಪಾಲು ಉಪದೇಶಗಳೂ ಇಲ್ಲಿಗೇ ಮುಗಿಯುತ್ತವೆ.

ಹತ್ತೊಂಬತ್ತನೆಯ ಅಧ್ಯಾಯ ಆರಂಭವಾಗುವುದು ರಾಣಿ ಈಜೆಬೆಲಳು ಕಳುಹಿಸಿದ ಒಂದು ಸಂದೇಶದಿಂದ: ನಾಳೆ ಈ ಹೊತ್ತಿಗೆ ನಿನ್ನನ್ನು ಮುಗಿಸುತ್ತೇನೆಂಬುದು ಅದರ ತಾತ್ಪರ್ಯ. ಆಕಾಶದಿಂದ ಬೆಂಕಿಯನ್ನು ಕರೆದವನು ಒಂದು ಬೆದರಿಕೆಯ ಮಾತಿಗೆ ದಿಕ್ಕೆಟ್ಟು ಓಡಿದನು. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು, ಮರುಭೂಮಿಯೊಳಕ್ಕೆ ಒಂದು ದಿನದ ದಾರಿ ನಡೆದು, ನಮ್ಮ ಬಯಲುಸೀಮೆಯ ಜಾಲಿಯಷ್ಟೇ ನೆರಳು ಕೊಡಬಲ್ಲ ಒಂದು ಗಿಡದ ಬುಡದಲ್ಲಿ ಕುಳಿತು, ಇನ್ನು ಸಾಕು, ತನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡಿಕೊಂಡನು. ತನ್ನ ಹಿರಿಯರಿಗಿಂತ ತಾನೇನೂ ಮಿಗಿಲಲ್ಲವೆಂಬ ಸೋಲಿನ ಅರಿವು, ಗೆಲುವಿನ ಬೆನ್ನಿಗೇ, ಅವನ ಎದೆಯನ್ನು ಹೊಕ್ಕಿತ್ತು. ಆಗ ದೇವರು ಏನು ಮಾಡಿದನು? ಗದರಿಸಲಿಲ್ಲ, ಕರ್ಮೆಲನ್ನು ಮರೆತೆಯಾ ಎಂದು ಕೇಳಲಿಲ್ಲ. ನಿದ್ದೆ ಹೋದವನನ್ನು ದೂತನೊಬ್ಬನು ತಟ್ಟಿ ಎಬ್ಬಿಸಿದನು; ತಲೆಯ ಬಳಿ ಕಾದ ಕಲ್ಲಿನ ಮೇಲೆ ಸುಟ್ಟ ಒಂದು ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಮತ್ತೆ ಮಲಗಿದನು, ಮತ್ತೆ ಎಬ್ಬಿಸಿದರು, ಮತ್ತೆ ತಿಂದನು. ದಾರಿ ದೂರವಿದೆ, ತಿನ್ನು ಎಂಬುದಷ್ಟೇ ಆ ದೂತನ ಬೋಧೆಯ ಸಾರಾಂಶ. ಬೇಗೆಯಲ್ಲಿ ಬಿದ್ದ ಮನುಷ್ಯನಿಗೆ ಮೊದಲು ಬೇಕಾದದ್ದು ನಿದ್ದೆ ಮತ್ತು ಊಟವೆಂಬುದನ್ನು ನಮ್ಮ ಅಜ್ಜಿಯರಂತೆಯೇ ಆ ಗ್ರಂಥಕರ್ತನೂ ಬಲ್ಲನು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ ಸಂಗತಿ ಇನ್ನೂ ಮುಂದಿದೆ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದ ಎಲೀಯನನ್ನು ದೇವರು, ಇಲ್ಲೇನು ಮಾಡುತ್ತಿದ್ದೀ ಎಂದು ಕೇಳುತ್ತಾನೆ. ಎಲೀಯನು ತನ್ನ ದೂರನ್ನು ಹೇಳಿಕೊಳ್ಳುತ್ತಾನೆ: ತಾನೊಬ್ಬನೇ ಉಳಿದಿದ್ದೇನೆ, ತನ್ನ ಪ್ರಾಣಕ್ಕೂ ಸಂಚು ನಡೆದಿದೆ, ಇತ್ಯಾದಿ. ಆಗ ಬಂಡೆಗಳನ್ನು ಸೀಳುವ ಬಿರುಗಾಳಿ, ಅದರ ಹಿಂದೆ ಭೂಕಂಪ, ಅದರ ಹಿಂದೆ ಅಗ್ನಿ, ಯಾವುದರಲ್ಲಿಯೂ ದೇವರಿರಲಿಲ್ಲ, ಕಡೆಗೊಂದು ಸೂಕ್ಷ್ಮವಾದ ನಾದ. ವ್ಯಾಖ್ಯಾನಕಾರರೆಲ್ಲ ಈ ನಾದವನ್ನು ಕೊಂಡಾಡಿದ್ದಾರೆ. ಅದಾದ ಮೇಲೆ ದೇವರು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ; ಎಲೀಯನು ಅದೇ ದೂರನ್ನು, ಬಹುಮಟ್ಟಿಗೆ ಅಕ್ಷರಕ್ಕೆ ಅಕ್ಷರ, ಮತ್ತೆ ಹೇಳುತ್ತಾನೆ! ಭಗವಂತನ ಸಾನ್ನಿಧ್ಯದಲ್ಲಿ ನಿಂತು ಬಂದರೂ ಅವನ ಗೊಣಗಾಟದ ಒಂದು ಪದವೂ ಬದಲಾಗಿಲ್ಲ. ಇದನ್ನು ಲಿಪಿಕಾರನ ಪ್ರಮಾದವೆನ್ನುವ ಪಂಡಿತರಿರಬಹುದು. ಮನೆಯಲ್ಲಿ ಒಬ್ಬ ಹಿರಿಯರನ್ನು ಸಾಕಿದವರು ಯಾರೂ ಹಾಗೆನ್ನಲಾರರು. ಅದಕ್ಕೆ ಉತ್ತರವಾಗಿ ದೇವರು ಅವನಿಗೆ ಕೆಲಸ ಕೊಡುತ್ತಾನೆ, ಮತ್ತು ಅವನು ಒಬ್ಬಂಟಿಯಲ್ಲ, ಬಾಳನಿಗೆ ಮಣಿಯದ ಏಳು ಸಾವಿರ ಜನ ನಾಡಿನಲ್ಲಿದ್ದಾರೆಂದು ತಿಳಿಸುತ್ತಾನೆ.

ಪೇತ್ರನ ಕಡೆಗೆ ಮರಳೋಣ. ಯೇಸು ನೀರಿನ ಮೇಲೆ ನಡೆದದ್ದನ್ನು ಮತ್ತಾಯ, ಮಾರ್ಕ, ಯೋಹಾನ ಮೂವರೂ ಹೇಳುತ್ತಾರೆ. ಪೇತ್ರನೂ ನಡೆದನು, ಗಾಳಿಯನ್ನು ಕಂಡು ಹೆದರಿ ಮುಳುಗತೊಡಗಿದನು ಎಂಬುದು ಮತ್ತಾಯನಲ್ಲಿ ಮಾತ್ರ ಇದೆ. ಕೋಳಿ ಕೂಗಿದ ರಾತ್ರಿಯ ಕಥೆಯಾದರೋ ನಾಲ್ಕು ಸುವಾರ್ತೆಗಳಲ್ಲಿಯೂ ಇದೆ. ಎರಡನೆಯ ಶತಮಾನದ ಪಾಪಿಯಾಸನೆಂಬ ಧರ್ಮಾಧ್ಯಕ್ಷನ ಮಾತೊಂದನ್ನು ಚರಿತ್ರಕಾರ ಯುಸೇಬಿಯಸನು ಉಳಿಸಿಕೊಟ್ಟಿದ್ದಾನೆ: ಮಾರ್ಕನು ಪೇತ್ರನ ದುಭಾಷಿಯಾಗಿದ್ದು, ಅವನು ಹೇಳಿದ್ದನ್ನು ನೆನಪಿಟ್ಟು ಬರೆದನಂತೆ. ಈ ಐತಿಹ್ಯವನ್ನು ಇಂದಿನ ವಿದ್ವಾಂಸರು ಎಲ್ಲರೂ ಒಪ್ಪುವುದಿಲ್ಲ. ಒಪ್ಪುವುದಾದರೆ ಒಂದು ಸೋಜಿಗ ಎದುರಾಗುತ್ತದೆ. ಪೇತ್ರನ ಬಾಯಿಂದ ಕೇಳಿ ಬರೆದ ಪುಸ್ತಕದಲ್ಲಿ ಪೇತ್ರನು ನೀರಿನ ಮೇಲೆ ನಡೆದದ್ದೇ ಇಲ್ಲ. ಪೇತ್ರನು ಸುಳ್ಳು ಹೇಳಿದ್ದು ಮಾತ್ರ, ದಾಸಿಯ ನೋಟದಿಂದ ಹಿಡಿದು ಎರಡನೆಯ ಸಲ ಕೂಗಿದ ಕೋಳಿಯವರೆಗೆ, ಬಿಡಿಬಿಡಿಯಾಗಿ ಇದೆ. ವೃದ್ಧನಾದ ಬೆಸ್ತನೊಬ್ಬನು ಕೇಳುಗರ ಮುಂದೆ ಕುಳಿತು ತನ್ನ ಜೀವನದ ಯಾವ ಗಂಟನ್ನು ಬಿಚ್ಚಿದನು, ಯಾವುದನ್ನು ಕಟ್ಟಿಯೇ ಇಟ್ಟನು ಎಂದು ಊಹಿಸುತ್ತ ನಾನು ಎಷ್ಟೋ ಹೊತ್ತನ್ನು ಕಳೆದಿದ್ದೇನೆ.

ಆ ಅಳುವಿನಿಂದ ಅವನು ಶುದ್ಧನಾಗಿ ಧೀರನಾದನೆಂದು ಹೇಳಿ ಮುಗಿಸುವುದು ರೂಢಿ. ಗ್ರಂಥ ಅಷ್ಟು ಸುಲಭವಾಗಿ ಬಿಡುವುದಿಲ್ಲ. ದೇವಾಲಯದ ಬಾಗಿಲಲ್ಲಿ ಹುಟ್ಟುಕುಂಟನನ್ನು ಎಬ್ಬಿಸಿ ನಡೆಸಿದ ಮೇಲೂ, ಸೆರೆಮನೆಯಿಂದ ಬಿಡುಗಡೆಯಾದ ಮೇಲೂ, ಇದೇ ಪೇತ್ರನು ಅಂತಿಯೋಕ್ಯವೆಂಬ ಪಟ್ಟಣದಲ್ಲಿ ಅನ್ಯಜನಾಂಗದವರೊಡನೆ ಸಹಪಂಕ್ತಿಯಲ್ಲಿ ಉಣ್ಣುತ್ತಿದ್ದು, ಯೆರೂಸಲೇಮಿನ ಕಡೆಯಿಂದ ಮಡಿವಂತರು ಕೆಲವರು ಬಂದರೆಂದು ತಿಳಿದ ಕೂಡಲೇ ಎಲೆಯ ಮುಂದಿನಿಂದ ಎದ್ದು ಬೇರೆ ಸರಿದನು. ಪೌಲನು ಅವನನ್ನು ಎಲ್ಲರೆದುರಿಗೆ ಮುಖಾಮುಖಿಯಾಗಿ ಆಕ್ಷೇಪಿಸಿದನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಬರೆದೂ ಇಟ್ಟನು. ಪಂಕ್ತಿಭೇದವನ್ನು ಕಂಡು ಬೆಳೆದ ಕನ್ನಡಿಗನಿಗೆ ಈ ಪ್ರಸಂಗಕ್ಕೆ ಯಾವ ಟೀಕೆಯೂ ಬೇಕಾಗಿಲ್ಲ. ನಮ್ಮ ಎಷ್ಟು ಮಂದಿ ಸುಧಾರಕರು, ಊರಿನಿಂದ ದೊಡ್ಡಪ್ಪ ಬರುತ್ತಾನೆಂದು ಕೇಳಿ, ಮೊದಲ ಪಂಕ್ತಿಯಿಂದ ಎರಡನೆಯದಕ್ಕೆ ಸರಿದುಕೊಂಡಿಲ್ಲ! ಅಂಗಳದಲ್ಲಿ ಒಬ್ಬ ದಾಸಿ ಏನೆಂದುಕೊಳ್ಳುವಳೋ ಎಂದು ಹೆದರಿದವನು, ಎಷ್ಟೋ ವರ್ಷಗಳ ಅನಂತರ, ನಾಲ್ಕು ಜನ ಏನೆಂದುಕೊಳ್ಳುವರೋ ಎಂದು ಹೆದರಿದನು. ಭಯ ಅದೇ, ವೇಷ ಮಾತ್ರ ಬೇರೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಂವಾದಿಯಾದ ಒಂದು ಸಂಗತಿಯುಂಟು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವನ್ನು ತೆರೆದರೆ ಪವಾಡಗಳ ಪರಂಪರೆಯೇ ಹರಿದುಬರುತ್ತದೆ. ಬಸವಣ್ಣನವರ ವಚನಗಳನ್ನು ತೆರೆದರೆ, ತನ್ನ ಮನಸ್ಸು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಯೆಂದೂ, ಬಿಚ್ಚಿ ನೋಡಿದರೆ ಹುರುಳಿಲ್ಲದ ಅತ್ತಿಯ ಹಣ್ಣೆಂದೂ ಹಲುಬುವ ಒಬ್ಬ ಮನುಷ್ಯ ಸಿಗುತ್ತಾನೆ. ಪವಾಡಗಳನ್ನು ಹೇಳಿದವರು ಇನ್ನೂರು ವರ್ಷದ ಅನಂತರದ ಪುರಾಣಕಾರರು. ದೌರ್ಬಲ್ಯಗಳನ್ನು ಹೇಳಿದವರು ಸ್ವತಃ ಬಸವಣ್ಣನವರು. ಎರಡು ಸಾಕ್ಷ್ಯಗಳಲ್ಲಿ ನನಗೆ ಯಾವುದು ಹೆಚ್ಚಿನದೆಂದು ಹೇಳಬೇಕಾದ ಅಗತ್ಯವಿಲ್ಲ.

ಇನ್ನು ಭಾರತ. ನಮ್ಮ ಊರಿನಲ್ಲಿ ಶ್ರಾವಣಮಾಸದ ಸಂಜೆಗಳಲ್ಲಿ ಪಡಸಾಲೆಯ ಮೇಲೆ ಕುಮಾರವ್ಯಾಸನ ವಾಚನ ನಡೆಯುತ್ತಿತ್ತು. ಆ ಕವಿ ಹತ್ತು ಪರ್ವಗಳಿಗೆ ನಿಲ್ಲಿಸಿದ್ದಾನೆ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನಾದರೂ, ಅಲ್ಲಿಯವರೆಗೆ ಹೋಗುವ ವಾಡಿಕೆ ನಮ್ಮಲ್ಲಿರಲಿಲ್ಲ. ಧರ್ಮರಾಯನ ಪಟ್ಟಾಭಿಷೇಕಕ್ಕೆ ಮಂಗಳಾರತಿಯೆತ್ತಿ, ಕೋಸಂಬರಿ ಪಾನಕ ಹಂಚಿ, ಜನ ಏಳುತ್ತಿದ್ದರು. ಒಂದು ವರ್ಷ ಮಂಗಳಾರತಿಯ ತಟ್ಟೆ ಇನ್ನೂ ಸುತ್ತುತ್ತಿರುವಾಗಲೇ, ಕಂಬಕ್ಕೊರಗಿ ಹೂಬತ್ತಿ ಹೊಸೆಯುತ್ತಿದ್ದ ನೆರೆಮನೆಯ ಅಜ್ಜಿಯೊಬ್ಬರು, "ಆಮೇಲೆ ಅವರೆಲ್ಲ ಏನಾದರು ಶಾಸ್ತ್ರಿಗಳೇ?" ಎಂದು ಕೇಳಿದರು. ಶಾಸ್ತ್ರಿಗಳು ಮಂಗಳವಾದ ಮೇಲೆ ಅದನ್ನು ಹೇಳಬಾರದೆಂದು ಎರಡು ಸಲ ತಪ್ಪಿಸಿಕೊಂಡು, ಮೂರನೆಯ ಸಲ ಹೇಳತೊಡಗಿದರು. ಯುದ್ಧ ಮುಗಿದ ಮೂವತ್ತಾರನೆಯ ವರ್ಷ. ಯಾದವರು ತಮ್ಮಲ್ಲೇ ಹೊಡೆದಾಡಿ ಸತ್ತು, ಕೃಷ್ಣನೂ ಇಲ್ಲವಾಗಿ, ದ್ವಾರಕೆ ಸಮುದ್ರದ ಪಾಲಾದ ಮೇಲೆ, ಅಳಿದುಳಿದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಅರ್ಜುನನು ಪಂಚನದ ದೇಶದ ಮಾರ್ಗವಾಗಿ ಬರುತ್ತಿದ್ದಾನೆ. ಆಭೀರರೆಂಬ ದರೋಡೆಗಾರರು ದೊಣ್ಣೆ ಹಿಡಿದು ಮೇಲೆ ಬೀಳುತ್ತಾರೆ, ದೊಣ್ಣೆ, ಅಷ್ಟೆ. ಖಾಂಡವವನ್ನು ಸುಟ್ಟ ಆ ಗಾಂಡೀವಕ್ಕೆ ಹೆದೆಯೇರಿಸುವುದಕ್ಕೇ ಅವನು ಪಾಡುಪಡುತ್ತಾನೆ. ದಿವ್ಯಾಸ್ತ್ರಗಳ ಮಂತ್ರ ನೆನಪಿಗೆ ಬರುವುದಿಲ್ಲ. ಎಂದೂ ಬರಿದಾಗದಿದ್ದ ಬತ್ತಳಿಕೆ ಬರಿದಾಗುತ್ತದೆ. ಬಿಲ್ಲಿನ ತುದಿಯಿಂದ ಹೊಡೆದಾಡುತ್ತಿರುವಂತೆಯೇ ಅವನ ಕಣ್ಣೆದುರಿಗೆ ಹೆಂಗಸರನ್ನು ಎಳೆದೊಯ್ಯುತ್ತಾರೆ. ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಕೈಯೇ ಏಳಲಿಲ್ಲವೇ ಪಾಪ" ಎಂದರು. ಅವರ ಯಜಮಾನರು, ಒಂದು ಕಾಲಕ್ಕೆ ಭತ್ತದ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಅಟ್ಟಕ್ಕೆ ಏರಿಸುತ್ತಿದ್ದವರು, ಆ ವರ್ಷ ಮಗ್ಗುಲು ಬದಲಿಸಲಾರದೆ ಕೋಣೆಯಲ್ಲಿ ಮಲಗಿದ್ದರು.

ಭಾರತವನ್ನು ಬರೆದವನಿಗೆ ಈ ಅಧ್ಯಾಯವನ್ನು ಬಿಟ್ಟುಬಿಡಲು ಏನು ಅಡ್ಡಿಯಿತ್ತು? ಅರ್ಜುನನ ವಂಶದವನ ಮುಂದೆಯೇ ಹೇಳಿದ ಕಥೆ ಅದು. ಜನಮೇಜಯನು ತನ್ನ ಮುತ್ತಜ್ಜನ ಸೋಲನ್ನು ಕುಳಿತು ಕೇಳಬೇಕಾಯಿತು. ಅವರು ಮುಚ್ಚಲಿಲ್ಲ, ಮುಚ್ಚತೊಡಗಿದವರು ನಾವು. ಮಕ್ಕಳಿಗೆಂದು ನಾವು ಅಚ್ಚುಹಾಕಿಸುವ ಬಣ್ಣದ ಪುಸ್ತಕಗಳಲ್ಲಿ, ಪ್ರವಚನದ ವೇದಿಕೆಗಳಲ್ಲಿ, ದೂರದರ್ಶನದ ಧಾರಾವಾಹಿಗಳಲ್ಲಿ, ಬೆಂಕಿ ಇಳಿಯುತ್ತದೆ, ಸೀರೆ ಅಕ್ಷಯವಾಗುತ್ತದೆ, ರೋಗಿ ಏಳುತ್ತಾನೆ. ಅಲ್ಲಿಗೆ ತೆರೆ ಬೀಳುತ್ತದೆ. ಪವಾಡವನ್ನು ಅಲ್ಲಗಳೆಯುವ ವಿಚಾರವಾದಿಯಿಂದ ಶಾಸ್ತ್ರಗಳಿಗೆ ಆದ ಹಾನಿ ಅಲ್ಪ. ಪವಾಡವನ್ನು ಮಾತ್ರ ಉಳಿಸಿಕೊಂಡು ಮನುಷ್ಯನನ್ನು ಕತ್ತರಿಸಿ ತೆಗೆಯುವ ಭಕ್ತರಿಂದ ಆದದ್ದು ಹೆಚ್ಚು ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಆ ಹಾನಿ ಗ್ರಂಥಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದೇ ವಾರ್ಡಿನಲ್ಲಿ, ಜ್ವರ ಇಳಿಯದ ಮಗುವಿನ ತಾಯಿಯೊಬ್ಬಳನ್ನು ನೋಡಲು ಬಂದ ಬಂಧುಗಳೊಬ್ಬರು, ಕೈಗೆ ಪ್ರಸಾದ ಕೊಟ್ಟು, ಹರಕೆಯಲ್ಲಿ ಎಲ್ಲೋ ಲೋಪವಾಗಿರಬೇಕು, ಇಲ್ಲವಾದರೆ ಹೀಗಾಗದು ಎಂದು ಹೇಳಿ ಹೊರಟುಹೋದರು. ಆಕೆ ಆ ರಾತ್ರಿಯಿಡೀ ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಲೋಪವನ್ನು ಹುಡುಕುತ್ತ ಕುಳಿತಿದ್ದಳು. ಆಕೆಗೆ ಯಾರಾದರೂ ಆ ರೊಟ್ಟಿಯ ಕಥೆಯನ್ನು ಹೇಳಿದ್ದರೆ ಆಗುತ್ತಿತ್ತು. ನಾನೂ ಹೇಳಲಿಲ್ಲ, ನನಗೆ ಆಗ ಅದು ತಿಳಿದಿರಲಿಲ್ಲ.

ಆದುದರಿಂದ, ಬರುವ ಶ್ರಾವಣದಲ್ಲಿ ಮನೆಯಲ್ಲಿ ಭಾರತವನ್ನು ಓದಿಸುವವರಲ್ಲಿ ನನ್ನದೊಂದು ಬಿನ್ನಹ: ಮೌಸಲಪರ್ವ ಒಂದೇ ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು, ಅಮಂಗಳವೆಂದು ಅಂಜದೆ ಅದನ್ನೂ ಓದಿಸಿರಿ, ಪಾನಕವನ್ನು ಬೇಕಾದರೆ ಆಮೇಲೆ ಹಂಚಿರಿ. ಭಾನುವಾರದ ಉಪದೇಶಕರಲ್ಲಿಯೂ ಅದೇ ಪ್ರಾರ್ಥನೆ: ಹದಿನೆಂಟನೆಯ ಅಧ್ಯಾಯವನ್ನು ಓದಿದ ದಿನ ಹತ್ತೊಂಬತ್ತನೆಯದನ್ನೂ ಓದಿಬಿಡಿ. ಕೇಳುಗರ ಸಾಲಿನಲ್ಲಿ ಆಸ್ಪತ್ರೆಯಿಂದ ನೇರವಾಗಿ ಬಂದು ಕುಳಿತವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.